ಆರಾಮ ಇರುವ ಮಕ್ಕಳನ್ನು ತಪಾಸಣೆಗೆ ಕರೆದೊಯ್ಯುವ ಮುನ್ನ

ಪ್ರಶ್ನೆ: ನಾವು ಕುಷ್ಟಗಿ ತಾಲ್ಲೂಕಿನ ಹಳ್ಳಿಯವರು. ಮಗನಿಗೆ 11 ವರ್ಷ, ಆರನೇ ಕ್ಲಾಸು. ಮಗಳಿಗೆ ಏಳು ನಡೆಯುತ್ತಿದೆ, ಒಂದನೇ ಕ್ಲಾಸು. ಇಬ್ಬರೂ ಆರಾಮ ಇದ್ದಾರೆ. ಆದರೆ ಶಾಲೆಗೆ ಬಂದಿದ್ದ ಡಾಕ್ಟರ ತಂಡ ಮಗನ ಚೀಟಿಯಲ್ಲಿ ಎಚ್‌ಬಿ 10.6 ಎಂದು ಬರೆದು, ದೊಡ್ಡ ದವಾಖಾನೆಗೆ ತೋರಿಸಿ ಎಂದು ಹೇಳಿ ಹೋಗಿದೆ. ಹೇಗೂ ಹೋಗುತ್ತೇವಲ್ಲ, ಇಬ್ಬರನ್ನೂ ಪೂರ್ತಿ ತಪಾಸಣೆ ಮಾಡಿಸೋಣ ಎಂದುಕೊಂಡೆ. ‘ಆರಾಮ ಇರೋ ಹುಡುಗರನ್ನ ದವಾಖಾನಿಗೆ ಯಾಕ ಒಯ್ತೀ’ ಅಂತ ಅತ್ತೆಯವರ ತಕರಾರು. ಪೇಟೆಯ ಲ್ಯಾಬಿನಲ್ಲಿ ‘ಫುಲ್ ಬಾಡಿ ಚೆಕಪ್’ ಎಂದು ಬೋರ್ಡ್ ಹಾಕಿದ್ದಾರೆ, ಅದನ್ನೇ ಮಾಡಿಸಿದರೆ ಸಾಕೆ? ಉಪವಾಸ ಕರೆದೊಯ್ಯಬೇಕೆ? ಯಾವ ಕಾಗದ ಬೇಕು? ಮಗಳು ಸೂಜಿ ಎಂದರೆ ಹೌಹಾರುತ್ತಾಳೆ.

ಉತ್ತರ: ಉಪವಾಸದ ವಿಚಾರ ಮೊದಲು ಮುಗಿಸೋಣ. ಬೇಡ. ಎಂದಿನಂತೆ ರೊಟ್ಟಿಯೋ ಉಪ್ಪಿಟ್ಟೋ ತಿನ್ನಿಸಿಯೇ ಹೊರಡಿಸಿ. ಎಚ್‌ಬಿ, ಅಂದರೆ ರಕ್ತದ ಹಿಮೋಗ್ಲೋಬಿನ್ ಅಂಕಿ, ಊಟದಿಂದ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಖಾಲಿ ಹೊಟ್ಟೆಯಲ್ಲಿ ಬಸ್ಸು ಹತ್ತಿ, ಸಾಲಿನಲ್ಲಿ ಎರಡು ತಾಸು ನಿಂತ ಮಗುವಿಗೆ ಸೂಜಿ ಚುಚ್ಚಿದಾಗ ತಲೆ ತಿರುಗುತ್ತದೆ, ಆ ಹೊತ್ತಿನ ಬಿಪಿಯೂ ನಂಬುವಂತಿರುವುದಿಲ್ಲ. ಮಗು ತೀರಾ ದಪ್ಪವಿದ್ದು ಡಾಕ್ಟರು ಸಕ್ಕರೆ ಅಥವಾ ಕೊಬ್ಬಿನ ಪರೀಕ್ಷೆ ಬರೆದರೆ ಮಾತ್ರ ಉಪವಾಸ ಬೇಕಾಗಬಹುದು. ಹಾಗಿದ್ದರೆ ಅವರೇ ಬೇರೆ ದಿನ ಬರಹೇಳುತ್ತಾರೆ.

‘ಫುಲ್ ಬಾಡಿ’ ಪ್ಯಾಕೇಜಿನ ಬಗ್ಗೆ ನೇರವಾಗಿಯೇ ಹೇಳುತ್ತೇವೆ: ಆ ದುಡ್ಡು ಉಳಿಸಿ. ಶಾಲೆಗೆ ಹೋಗುವ ಮಗುವಿನಲ್ಲಿ ತಪ್ಪಿಹೋಗಬಾರದ ಸಂಗತಿಗಳು ಎತ್ತರ, ತೂಕ, ಬಿಪಿ, ಕಣ್ಣಿನ ದೃಷ್ಟಿ, ಕಿವಿ, ಹಲ್ಲು, ಎದೆಯ ಸಪ್ಪಳ, ಬೆನ್ನುಮೂಳೆ, ಗಂಡುಮಕ್ಕಳಲ್ಲಿ ವೃಷಣ ಕೆಳಗಿಳಿದಿದೆಯೇ ಎಂಬುದು. ಇವುಗಳಲ್ಲಿ ಒಂದೂ ರಕ್ತದ ಬಾಟಲಿಯಲ್ಲಿ ಕಾಣುವುದಿಲ್ಲ. ಪ್ಯಾಕೇಜಿನಲ್ಲಿ ಬರುವ ಥೈರಾಯ್ಡ್, ವಿಟಮಿನ್, ಲಿವರ್ ಅಂಕಿಗಳಲ್ಲಿ ಯಾವುದೋ ಒಂದು ಗೆರೆಯಿಂದ ಚೂರು ಆಚೀಚೆ ಬರುತ್ತದೆ, ಮನೆಮಂದಿಯೆಲ್ಲ ಗಾಬರಿಯಾಗುತ್ತಾರೆ. ಟೈಫಾಯ್ಡ್ ಹುಡುಕುವ ವಿಡಾಲ್ ಪರೀಕ್ಷೆಯದಂತೂ ಇನ್ನೊಂದು ಕತೆ. ಜ್ವರವೇ ಇಲ್ಲದ ಮಗುವಿಗೆ ಅದನ್ನು ಮಾಡಿಸಿ ‘ಟೈಫಾಯ್ಡ್ ಬಂದದ’ ಎಂದು ಔಷಧ ಶುರು ಮಾಡುವುದು ನಮ್ಮ ಕಡೆ ಸಾಮಾನ್ಯ. ಹಿಂದೆಂದೋ ತಗುಲಿದ ಸೋಂಕಿನಿಂದಲೋ ಲಸಿಕೆಯಿಂದಲೋ ಅದು ಪಾಸಿಟಿವ್ ಬರಬಹುದು. ಜ್ವರವಿಲ್ಲದಾಗ ಆ ಫಲಿತಾಂಶಕ್ಕೆ ಬೆಲೆಯಿಲ್ಲ. ನಿಮ್ಮ ಮಗನಿಗೆ ಬೇಕಾದದ್ದು ಸಿಬಿಸಿ ಎಂಬ ಒಂದು ರಕ್ತ ಪರೀಕ್ಷೆ. ಶಾಲೆಯವರು ಕೇಳುತ್ತಿದ್ದರೆ ಅದೇ ರಕ್ತದಲ್ಲಿ ಬ್ಲಡ್ ಗ್ರೂಪನ್ನೂ ನೋಡಿಸಿ ಬರೆದಿಟ್ಟುಕೊಳ್ಳಿ.

ಹಾಗಾದರೆ ಸಿದ್ಧತೆ ಎಂದರೇನು? ಡಾಕ್ಟರಿಗೆ ನಿಮ್ಮ ಮಗುವಿನ ಜೊತೆ ಸಿಗುವುದು ಕೆಲವೇ ನಿಮಿಷ. ಮಗು ಹೋದ ವರ್ಷ ಎಷ್ಟೆತ್ತರ ಇತ್ತು, ರಾತ್ರಿ ಗೊರಕೆ ಹೊಡೆಯುತ್ತದೆಯೇ, ಮನೆಯಲ್ಲಿ ಯಾರಿಗೆ ಏನಿದೆ ಎಂಬುದನ್ನು ಯಾವ ಯಂತ್ರವೂ ಹೇಳಲಾರದು. ಅದು ನಿಮ್ಮ ಚೀಲದಲ್ಲಿ, ನಿಮ್ಮ ಬಾಯಲ್ಲಿ ಇರಬೇಕು. ತಪಾಸಣೆಯ ಅರ್ಧ ಕೆಲಸ ನೀವು ಹೊರಡುವ ಮುಂಚೆ ಮನೆಯಲ್ಲೇ ಆಗುತ್ತದೆ.

ಕಾಗದಗಳು, ಮತ್ತು ಜೂನ್ 1ರ ಸಮಸ್ಯೆ

ಮೊದಲು ಹುಡುಕಬೇಕಾದ್ದು ಮಗುವಿನ ಲಸಿಕೆಗಳನ್ನು ಬರೆದಿರುವ ತಾಯಿ ಕಾರ್ಡ್. ಟ್ರಂಕಿನ ತಳದಲ್ಲೋ ತವರುಮನೆಯಲ್ಲೋ ಉಳಿದಿದ್ದರೆ ಒಂದು ವಾರ ಮುಂಚೆಯೇ ತರಿಸಿಕೊಳ್ಳಿ. ಸಿಗದಿದ್ದರೆ ನಿಮ್ಮ ಆಶಾ ಕಾರ್ಯಕರ್ತೆ ಅಥವಾ ಉಪಕೇಂದ್ರದ ಸಿಸ್ಟರ್ ಹತ್ತಿರ ಲಸಿಕೆ ದಾಖಲೆ ಕೇಳಿ.

ಆ ಕಾರ್ಡಿನಲ್ಲಿ ಲಸಿಕೆಗಿಂತ ಮೊದಲು ಹುಟ್ಟಿದ ತಾರೀಖು ನೋಡಿ. ನಮ್ಮ ಕಡೆ ಎಷ್ಟೋ ಮಕ್ಕಳು ಶಾಲೆಯ ದಾಖಲೆಯಲ್ಲಿ ಜೂನ್ 1ಕ್ಕೆ ಹುಟ್ಟಿದವರು. ದಾಖಲಾತಿಗೆ ಅದು ನಡೆಯುತ್ತದೆ, ಡಾಕ್ಟರ ಮುಂದೆ ನಡೆಯುವುದಿಲ್ಲ. ಬೆಳವಣಿಗೆಯ ನಕ್ಷೆಯಲ್ಲಿ ಮಗುವಿನ ಎತ್ತರವನ್ನು ವಯಸ್ಸಿಗೆ ಹೋಲಿಸಿ ಚುಕ್ಕೆ ಇಡುತ್ತಾರೆ. ಎಂಟು ತಿಂಗಳು ಹೆಚ್ಚು ಹೇಳಿದರೆ ಸರಿಯಾಗಿ ಬೆಳೆಯುತ್ತಿರುವ ಮಗು ಗಿಡ್ಡ ಎಂದು ಕಾಣುತ್ತದೆ, ಕಡಿಮೆ ಹೇಳಿದರೆ ನಿಜವಾಗಿ ಕುಂಠಿತವಾದ ಮಗು ಸರಿಯಾಗಿದೆ ಎಂದು ಕಾಣುತ್ತದೆ. ‘ಏಳು ನಡೆಯುತ್ತಿದೆ’ ಎನ್ನುವುದೂ ಹಾಗೆಯೇ. ಡಾಕ್ಟರು ಏಳು ತುಂಬಿದೆ ಎಂದು ಬರೆದುಕೊಳ್ಳಬಹುದು. ತಾರೀಖನ್ನೇ ಹೇಳಿ.

ನಿಮ್ಮ ಮಗಳ ವಿಷಯದಲ್ಲಿ ಈ ವ್ಯತ್ಯಾಸಕ್ಕೆ ಇನ್ನೂ ಒಂದು ತೂಕವಿದೆ. ಸರ್ಕಾರಿ ಲಸಿಕೆ ಪಟ್ಟಿಯಲ್ಲಿ ಡಿಪಿಟಿಯ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಲಸಿಕೆ) ಎರಡನೇ ಬೂಸ್ಟರ್ 5ರಿಂದ 6 ವರ್ಷದೊಳಗೆ. ತಪ್ಪಿದ್ದರೆ 7 ತುಂಬುವವರೆಗೂ ಕೊಡಬಹುದು, ತುಂಬಿದ ಮೇಲೆ ಅದರ ಬದಲು ಟಿಡಿ (ಧನುರ್ವಾಯು, ಗಂಟಲಮಾರಿಯ ಲಸಿಕೆ) ಕೊಡುತ್ತಾರೆ. ಆದ್ದರಿಂದ ಅವಳ ಕಾರ್ಡಿನಲ್ಲಿ ಆ ಚೌಕ ಖಾಲಿ ಇದ್ದರೆ ಹುಟ್ಟಿದ ದಿನ ಬರುವ ಮುಂಚೆ ಹೋಗಿ. ಮಗನಿಗೆ 10 ವರ್ಷದ ಟಿಡಿ ಆಗಿರಬೇಕು, ಮುಂದಿನದು 16ಕ್ಕೆ. ಇಬ್ಬರಿಗೂ ದಡಾರ, ರುಬೆಲ್ಲಾದ ಎಂಆರ್ ಲಸಿಕೆ ಎರಡು ಸಲ ಆಗಿದೆಯೇ ನೋಡಿ. ಜೆಇ ಎಂಬ ಮೆದುಳು ಜ್ವರದ ಲಸಿಕೆ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆಗಳ ಪಟ್ಟಿಯಲ್ಲಿದೆ: 9 ತಿಂಗಳಿಗೆ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು. ಗಂಗಾವತಿ, ಸಿಂಧನೂರಿನಂಥ ನೀರು ನಿಲ್ಲುವ ಗದ್ದೆಗಳಲ್ಲಿ ಈ ರೋಗದ ಸೊಳ್ಳೆ ಹುಟ್ಟುತ್ತದೆ. ಒಣಭೂಮಿಯ ಕುಷ್ಟಗಿಯವರಾದ ನೀವು ‘ನಮಗೇನು’ ಎಂದುಕೊಳ್ಳಬೇಡಿ. ಭತ್ತದ ನಾಟಿಗೆ, ಕೊಯ್ಲಿಗೆ ಅದೇ ಊರುಗಳಿಗೆ ಹೋಗುವ ಮನೆಗಳು ನಿಮ್ಮಲ್ಲಿ ಎಷ್ಟಿಲ್ಲ?

ಗುಳೆ ಹೋದ ವರ್ಷಗಳಲ್ಲಿ ಲಸಿಕೆ ತಪ್ಪಿರುವುದು ಹೆಚ್ಚು. ತಪ್ಪಿದ್ದಕ್ಕೆ ನಾಚಿಕೊಂಡು ‘ಎಲ್ಲಾ ಆಗ್ಯಾವ್ರಿ’ ಎನ್ನಬೇಡಿ. ತಪ್ಪಿದ ಡೋಸಿನಿಂದ ಮುಂದುವರಿಸುತ್ತಾರೆ, ಮೊದಲಿನಿಂದ ಶುರು ಮಾಡುವುದಿಲ್ಲ, ಬಯ್ದರೂ ಒಂದು ನಿಮಿಷ. ಕಾರ್ಡಿನ ಎಲ್ಲ ಪುಟಗಳ ಫೋಟೊ ತೆಗೆದು ನಿಮ್ಮ ಮೊಬೈಲಿನಲ್ಲೂ ಯಜಮಾನರ ಮೊಬೈಲಿನಲ್ಲೂ ಇಟ್ಟರೆ ಬೆಂಗಳೂರಿನ ಯಾವ ಆರೋಗ್ಯ ಕೇಂದ್ರದಲ್ಲಾದರೂ ಮುಂದಿನ ಲಸಿಕೆ ಹಾಕಿಸಬಹುದು.

ಇನ್ನು ಶಾಲೆಯ ಚೀಟಿ. ಅದನ್ನು ಕೊಟ್ಟದ್ದು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ. 2013ರಲ್ಲಿ ಶುರುವಾದ ಈ ಯೋಜನೆಯಲ್ಲಿ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ತಂಡ ಬರಬೇಕು. 18 ವರ್ಷದವರೆಗೆ ಮುಂದಿನ ಪರೀಕ್ಷೆ, ಚಿಕಿತ್ಸೆ ಉಚಿತ. ಚೀಟಿ ಎಂದರೆ ಬರೀ ಸಲಹೆಯಲ್ಲ, ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ನಿಮ್ಮನ್ನು ಸರಿಯಾದ ಕೋಣೆಗೆ ಕಳಿಸುವ ಕಾಗದ. ಮಡಿಚಿ ಮುದ್ದೆ ಮಾಡಬೇಡಿ, ಫೋಟೊ ತೆಗೆದಿಡಿ. ಜೊತೆಗೆ ರೇಷನ್ ಕಾರ್ಡ್, ಆಧಾರ್, ಹಳೆಯ ದವಾಖಾನೆ ಚೀಟಿಗಳು, ಎಕ್ಸ್‌ರೇ ಇದ್ದರೆ ಅದೂ. ಮಗು ಯಾವುದಾದರೂ ಗುಳಿಗೆ, ಸಿರಪ್, ಪಂಪ್ ತೆಗೆದುಕೊಳ್ಳುತ್ತಿದ್ದರೆ ಹೆಸರು ಹೇಳುವುದು ಸಾಲದು. ‘ಕೆಂಪು ಔಷಧ’ ಎಂದರೆ ಯಾರಿಗೂ ತಿಳಿಯುವುದಿಲ್ಲ. ಬಾಟಲಿಯನ್ನೇ ಒಯ್ಯಿರಿ. ನಾಟಿ ಔಷಧವಾದರೂ ಸರಿ, ಮುಚ್ಚಿಡಬೇಡಿ.

ಮನೆಯಲ್ಲೇ ನೋಡಿ ಬರೆದುಕೊಳ್ಳುವುದು

ಒಂದು ಹಾಳೆ ಸಾಕು. ಮಗುವಿನ ಎತ್ತರ ಅಳೆಯಿರಿ: ಚಪ್ಪಲಿ ಬಿಚ್ಚಿಸಿ, ತುರುಬು ಬಿಚ್ಚಿಸಿ, ಹಿಮ್ಮಡಿ, ಕುಂಡಿ, ಬೆನ್ನು ಗೋಡೆಗೆ ಹತ್ತುವಂತೆ ನಿಲ್ಲಿಸಿ, ನೇರ ಮುಂದೆ ನೋಡಲಿ. ತಲೆಯ ಮೇಲೆ ಗಟ್ಟಿ ರಟ್ಟಿನ ಪುಸ್ತಕವನ್ನು ಗೋಡೆಗೆ ಮೂಲೆಮಟ್ಟವಾಗಿ ಹಿಡಿದು, ಅದರ ಕೆಳಗೆ ಪೆನ್ಸಿಲ್ ಗೆರೆ ಎಳೆಯಿರಿ. ಟೇಪು ನೆಲದಿಂದಲೇ ಶುರುವಾಗಲಿ. ಮೂರು ಸಲ ಅಳೆದು ನಡುವಿನದನ್ನು ಬರೆಯಿರಿ. ಬೆಳಿಗ್ಗೆ ಎದ್ದಾಗ ಮಕ್ಕಳು ಸಂಜೆಗಿಂತ ಒಂದು ಸೆಂಟಿಮೀಟರಿನವರೆಗೂ ಎತ್ತರ ಇರುತ್ತಾರೆ, ಆದ್ದರಿಂದ ಯಾವಾಗಲೂ ಒಂದೇ ಹೊತ್ತಿನಲ್ಲಿ ಅಳೆಯಿರಿ. ಗೆರೆಯ ಪಕ್ಕ ತಾರೀಖು ಬರೆಯುವುದು ಮರೆಯಬೇಡಿ, ಸುಣ್ಣ ಬಳಿಯುವಾಗ ಆ ಜಾಗ ಬಿಡಿ. ಐದು ವರ್ಷದಿಂದ ಮೈನೆರೆಯುವ ಮುಂಚಿನ ತನಕ ಮಗು ವರ್ಷಕ್ಕೆ 5–6 ಸೆಂ.ಮೀ. ಬೆಳೆಯುತ್ತದೆ. ಅದು 4ಕ್ಕಿಂತ ಕಡಿಮೆಯಾದರೆ ಕಾರಣ ಹುಡುಕಬೇಕು. ಒಂದು ದಿನದ ಎತ್ತರಕ್ಕಿಂತ ಎರಡು ವರ್ಷದ ಎರಡು ಗೆರೆ ಹೆಚ್ಚು ಹೇಳುತ್ತವೆ. ಶಾಲೆಯ ಆರೋಗ್ಯ ಕಾರ್ಡಿನಲ್ಲಿ ಹಳೆಯ ಅಳತೆ ಇರುತ್ತದೆ, ಮಾಸ್ತರರನ್ನು ಕೇಳಿ ನಕಲು ಮಾಡಿಕೊಳ್ಳಿ.

ಮೂರು ದಿನ ಮಗು ಏನು ತಿಂದಿತು ಎಂದು ಅದೇ ಹಾಳೆಯಲ್ಲಿ ಬರೆಯಿರಿ. ಏನು ತಿನ್ನಬೇಕಿತ್ತು ಎಂದಲ್ಲ, ತಿಂದದ್ದನ್ನೇ. ಬೆಳಿಗ್ಗೆ ಚಾ ಮತ್ತು ಟೋಸ್ಟು, ಶಾಲೆಯ ಊಟ, ಸಂಜೆ ಕುರುಕುರೆ, ರಾತ್ರಿ ಅರ್ಧ ರೊಟ್ಟಿ ಎಂದಿದ್ದರೆ ಹಾಗೆಯೇ ಬರೆಯಿರಿ. ನಿಮ್ಮ ಮಗನ ಎಚ್‌ಬಿಗೆ ಉತ್ತರ ಬಹುಪಾಲು ಆ ಹಾಳೆಯಲ್ಲೇ ಸಿಗುತ್ತದೆ.

ನಿದ್ದೆ ಎಷ್ಟು ತಾಸು (6ರಿಂದ 12 ವರ್ಷದವರಿಗೆ 9ರಿಂದ 12 ತಾಸು ಬೇಕು), ಬಾಯಿ ತೆರೆದು ಗೊರಕೆ ಹೊಡೆಯುತ್ತದೆಯೇ, ಹಾಸಿಗೆ ಒದ್ದೆ ಮಾಡುತ್ತದೆಯೇ, ಓಡಿದಾಗ ಅಥವಾ ನಸುಕಿನಲ್ಲಿ ಕೆಮ್ಮು ಬರುತ್ತದೆಯೇ, ಮಲ ಗಟ್ಟಿಯೇ, ಮಣ್ಣು, ಸೀಮೆಸುಣ್ಣ, ಬಳಪ ತಿನ್ನುವ ಚಟ ಇದೆಯೇ, ಇವನ್ನೂ ಗುರುತು ಹಾಕಿಕೊಳ್ಳಿ. ಬಳಪ ತಿನ್ನುವುದು ಕೆಟ್ಟ ಬುದ್ಧಿಯಲ್ಲ. ಅನೇಕ ಸಲ ಕಬ್ಬಿಣದ ಕೊರತೆಯೇ ಆ ಬಯಕೆ ಹುಟ್ಟಿಸುತ್ತದೆ. ಸಂಡೂರಿನ ಅದಿರಿನ ದೂಳಿನ ದಾರಿಯಲ್ಲಿ ಅಥವಾ ಹತ್ತಿ ಜಿನ್ನಿನ ಹತ್ತಿರ ಮನೆಯಿದ್ದವರು ಕೆಮ್ಮಿನ ವಿಷಯವನ್ನು ಮೊದಲೇ ಎತ್ತಬೇಕು.

ಮನೆತನದ ಸಂಗತಿ ಕೇಳಿದಾಗ ಎರಡು ಮಾತನ್ನು ಜನ ನುಂಗಿಬಿಡುತ್ತಾರೆ. ಒಂದು, ಸೋದರಮಾವನಿಗೋ ಅತ್ತೆಯ ಮಗನಿಗೋ ಕೊಟ್ಟ ಸಂಬಂಧ. ರಕ್ತಸಂಬಂಧದ ಮದುವೆಯಲ್ಲಿ ಹುಟ್ಟಿದ ಮಕ್ಕಳಲ್ಲಿ ಹುಟ್ಟು ಕಿವುಡು, ಥಲಸ್ಸೇಮಿಯಾದಂಥ ರಕ್ತದ ತೊಂದರೆ ಬರುವ ಸಂಭವ ಹೆಚ್ಚು. ಅದನ್ನು ಹೇಳಿದರೆ ಡಾಕ್ಟರು ಹುಡುಕುವ ದಿಕ್ಕೇ ಬದಲಾಗುತ್ತದೆ. ಇನ್ನೊಂದು, ಮನೆಯಲ್ಲಿ ಯಾರಿಗಾದರೂ ಇರುವ ಟಿಬಿ. ಅಜ್ಜನ ಕೆಮ್ಮನ್ನು ಮುಚ್ಚಿಟ್ಟರೆ ನಷ್ಟ ಮೊಮ್ಮಕ್ಕಳಿಗೆ.

ಕಣ್ಣಿಗೆ ಮನೆಯಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಬಹುದು. ಗೋಡೆಯ ಕ್ಯಾಲೆಂಡರಿನ ಅಂಕಿಗಳನ್ನು ದೂರ ನಿಲ್ಲಿಸಿ ಓದಿಸಿ, ಒಂದು ಸಲಕ್ಕೆ ಒಂದೇ ಕಣ್ಣಿನಲ್ಲಿ. ಮುಚ್ಚುವುದು ಅಂಗೈಯಿಂದ, ಬೆರಳಿನಿಂದಲ್ಲ, ಬೆರಳ ಸಂದಿಯಲ್ಲಿ ಎಲ್ಲ ಮಕ್ಕಳೂ ಇಣುಕುತ್ತಾರೆ. ಕಣ್ಣುಗುಡ್ಡೆಯನ್ನು ಒತ್ತಲೂಬಾರದು, ಒತ್ತಿದರೆ ಆಮೇಲೆ ಒಂದೆರಡು ನಿಮಿಷ ಮಬ್ಬು ಕಾಣುತ್ತದೆ. ಒಂದು ಕಣ್ಣು ಚೆನ್ನಾಗಿದ್ದು ಇನ್ನೊಂದು ಮಂದ ಇದ್ದರೆ ಮಗು ದೂರು ಹೇಳುವುದೇ ಇಲ್ಲ, ಎರಡೂ ತೆರೆದಾಗ ಎಲ್ಲ ಕಾಣುತ್ತದಲ್ಲ. ಆ ಮಂದ ಕಣ್ಣನ್ನು ಮೆದುಳು ಬಳಸುವುದನ್ನೇ ಬಿಟ್ಟುಬಿಡುತ್ತದೆ. ಏಳೆಂಟು ವರ್ಷದೊಳಗೆ ಹಿಡಿದರೆ ಕನ್ನಡಕ, ಕಣ್ಣು ಮುಚ್ಚುವ ಪಟ್ಟಿಗಳಿಂದ ಸರಿಪಡಿಸುವುದು ಸುಲಭ, ಆಮೇಲೆ ಕಷ್ಟ. ನಿಮ್ಮ ಮಗಳಿಗೆ ಈ ತಪಾಸಣೆಯಲ್ಲಿ ಎಲ್ಲಕ್ಕಿಂತ ತುರ್ತಾದದ್ದು ಇದೇ. ಅತ್ತೆಯವರ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ: ಆರಾಮ ಇರುವಂತೆ ಕಾಣುವ ಮಗುವಿನಲ್ಲಿಯೇ ಇದು ಅಡಗಿರುವುದು.

ನೀರು ಮತ್ತು ಹಲ್ಲು

ಕುಷ್ಟಗಿ ಕಡೆಯವರಾದ್ದರಿಂದ ಇದನ್ನು ಬಿಡಿಸಿ ಹೇಳಬೇಕು. ಕೊಪ್ಪಳ, ರಾಯಚೂರು ಜಿಲ್ಲೆಗಳ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಅದಕ್ಕಿಂತ ಹೆಚ್ಚಿನ ನೀರನ್ನು ವರ್ಷಗಟ್ಟಲೆ ಕುಡಿದ ಮಗುವಿನ ಹುಟ್ಟುವ ಕಾಯಂ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಮಚ್ಚೆ, ಆಮೇಲೆ ಹಳದಿ, ಕಂದು ಅಡ್ಡಗೆರೆ ಮೂಡುತ್ತವೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ, ಏಕೆಂದರೆ ಅದು ಹಲ್ಲು ಒಸಡಿನೊಳಗೆ ತಯಾರಾಗುವಾಗಲೇ ಸೇರಿದ ಕಲೆ. ಬೂದಿ, ಇಟ್ಟಿಗೆ ಪುಡಿಯಿಂದ ತಿಕ್ಕಿಸಿ ಇರುವ ಹೊಳಪನ್ನೂ ಕಳೆಯಬೇಡಿ.

ಬುದ್ಧಿಹಲ್ಲು ಬಿಟ್ಟು ಉಳಿದ ಕಾಯಂ ಹಲ್ಲುಗಳ ಮೇಲ್ಪದರ ಸುಮಾರು 8 ವರ್ಷದೊಳಗೆ ರೂಪುಗೊಂಡು ಮುಗಿಯುತ್ತದೆ. ಮಗನ ಹಲ್ಲಿನಲ್ಲಿ ಆಗಬೇಕಾದದ್ದು ಬಹುಪಾಲು ಆಗಿಹೋಗಿದೆ, ಮಗಳದು ಇನ್ನೂ ನಡೆಯುತ್ತಿದೆ. ಅಂದರೆ ನೀರು ಈಗ ಬದಲಿಸಿದರೆ ಹಲ್ಲಿನ ಲಾಭ ಮಗಳಿಗೆ ಹೆಚ್ಚು. ಮೂಳೆಯ ಲಾಭ ಇಬ್ಬರಿಗೂ: ಮೊಣಕಾಲು ಒಳಬಾಗಿ ಒಂದಕ್ಕೊಂದು ತಾಗುವುದು, ಬೆನ್ನು ಬಿಗಿಯುವುದು ಈ ನೀರಿನದೇ ಮುಂದಿನ ಹಂತ. ಮಗು ಮೊಣಕಾಲು ಜೋಡಿಸಿ ನಿಂತಾಗ ಎರಡು ಹಿಮ್ಮಡಿಗಂಟಿನ ನಡುವೆ ಎಷ್ಟು ಜಾಗ ಉಳಿಯುತ್ತದೆ ಎಂದು ನೋಡಿ, ನಾಲ್ಕು ಬೆರಳಿಗಿಂತ ಹೆಚ್ಚಿದ್ದರೆ ಡಾಕ್ಟರಿಗೆ ತೋರಿಸಿ.

ದವಾಖಾನೆಗೆ ಹೋಗುವ ಮುಂಚೆ ನೀರಿನ ಪರೀಕ್ಷೆ ಮಾಡಿಸಿದ್ದರೆ ಒಳ್ಳೆಯದು. ಶುಚಿಯಾದ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಿಂದ ಎರಡು ಮೂರು ಸಲ ಗಲಬರಿಸಿ ಒಂದು ಲೀಟರ್ ತುಂಬಿ. ಗಾಜಿನದು ಬೇಡ, ಗಾಜು ಫ್ಲೋರೈಡನ್ನು ಹೀರಿ ಅಂಕಿ ಕಡಿಮೆ ತೋರಿಸಬಹುದು. ಯಾವ ಬೋರು, ಯಾವ ತಾರೀಖು ಎಂದು ಚೀಟಿ ಅಂಟಿಸಿ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಲ್ಯಾಬಿಗೆ ಕೊಡಿ. ಪಂಚಾಯಿತಿಯಲ್ಲಿ ಸ್ಥಳದಲ್ಲೇ ನೋಡುವ ಕಿಟ್ ಇದೆಯೇ ಎಂದೂ ಕೇಳಿ. ನೀರು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ಗಟ್ಟಿಯಾಗುತ್ತದೆ. ಶುದ್ಧ ನೀರಿನ ಘಟಕದ ನೀರನ್ನು ಕುಡಿಯಲು ಮಾತ್ರ ಬಳಸಿ ಅಡುಗೆಗೆ ಬೋರಿನ ನೀರು ಹಾಕುವುದು ಅನೇಕ ಮನೆಗಳಲ್ಲಿ ಆಗುವ ತಪ್ಪು. ಬೇಳೆ, ಅನ್ನ ಆ ನೀರನ್ನು ಹೀರಿಕೊಂಡೇ ಬೇಯುತ್ತವೆ.

ಹಲ್ಲಿನ ಬಗ್ಗೆ ಇನ್ನೊಂದು. ಆರು ವರ್ಷದ ಹೊತ್ತಿಗೆ ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆಯೇ, ಒಂದು ದವಡೆಹಲ್ಲು ಸದ್ದಿಲ್ಲದೆ ಬರುತ್ತದೆ. ಅದನ್ನು ಹಾಲುಹಲ್ಲೆಂದು ತಿಳಿದು ಹುಳುಕಾದರೂ ‘ಬಿದ್ದು ಬೇರೆ ಬರ್ತದ ಬಿಡು’ ಎಂದು ಸುಮ್ಮನಾಗುತ್ತಾರೆ. ಅದು ಕಾಯಂ. ಬಿದ್ದರೆ ಮತ್ತೆ ಬರುವುದಿಲ್ಲ. ಮಗಳ ಬಾಯಿಗೆ ಮೊಬೈಲ್ ಟಾರ್ಚ್ ಬಿಟ್ಟು ಕೊನೆಯ ಹಲ್ಲಿನ ಹೊಂಡಗಳಲ್ಲಿ ಕಪ್ಪು ಇದೆಯೇ ನೋಡಿ.

ಹೊರಡುವ ದಿನ

ಎರಡು ಮೂರು ದಿನ ಮುಂಚಿನಿಂದ ಕಿವಿಗೆ ಎಣ್ಣೆ ಬಿಡಬೇಡಿ. ಬೆಳ್ಳುಳ್ಳಿ ಕಾಯಿಸಿದ ಎಣ್ಣೆಯಾದರೂ ಅಷ್ಟೆ. ಎಣ್ಣೆ ತುಂಬಿದ ಕಿವಿಯಲ್ಲಿ ತಮಟೆ ಕಾಣುವುದಿಲ್ಲ, ‘ಎಣ್ಣಿ ಆರಿದ ಮ್ಯಾಲೆ ಬರ್ರಿ’ ಎಂದು ವಾಪಸ್ ಕಳಿಸುತ್ತಾರೆ. ಉಗುರಿಗೆ ಬಣ್ಣ, ಮದರಂಗಿ ಬೇಡ. ರಕ್ತ ಕಡಿಮೆಯಿದೆಯೇ ಎಂದು ಉಗುರಿನ ಕೆಂಪು ನೋಡುವುದೂ ಉಂಟು, ಬೆರಳಿಗೆ ಹಾಕುವ ಆಮ್ಲಜನಕದ ಕ್ಲಿಪ್ಪೂ ತಪ್ಪು ತೋರಿಸಬಹುದು. ಕಾಡಿಗೆಯೂ ಆ ದಿನ ಬೇಡ. ತೋಳಿನ ಮೇಲಕ್ಕೆ ಸುಲಭವಾಗಿ ಏರುವ ಸಡಿಲ ಅಂಗಿ, ಮೇಲೊಂದು ಕೆಳಗೊಂದು ಬೇರೆ ಬೇರೆ ಇರುವ ಬಟ್ಟೆ ಹಾಕಿ. ಮಗಳಿಗೆ ಒಂದೇ ಉದ್ದದ ಫ್ರಾಕು ಹಾಕಿದರೆ ಹೊಟ್ಟೆ ನೋಡಲು ಪೂರ್ತಿ ಎತ್ತಬೇಕಾಗಿ ಅವಳಿಗೆ ಮುಜುಗರ. ಮೈಮೇಲೆ ಬಿಳಿಚಿದ ಮಚ್ಚೆ ಇದ್ದು ಅಲ್ಲಿ ಮುಟ್ಟಿದರೆ ಗೊತ್ತಾಗದಿದ್ದರೆ, ಪೌಡರ್ ಹಚ್ಚಿ ಮುಚ್ಚದೆ ನೀವೇ ತೋರಿಸಿ. ಕುಷ್ಠದ ಮೊದಲ ಗುರುತು ಅದಾಗಿರಬಹುದು, ಪೂರ್ತಿ ವಾಸಿಯಾಗುವ ರೋಗ ಅದು.

ನೆಗಡಿ, ಸಣ್ಣ ಕೆಮ್ಮಿದ್ದರೂ ಲಸಿಕೆಗೆ ಅಡ್ಡಿಯಿಲ್ಲ. ಜೋರು ಜ್ವರ ಇದ್ದರೆ ಒಂದೆರಡು ವಾರ ಮುಂದೂಡಿ. ಜ್ವರದಿಂದ ಎದ್ದ ಕೂಡಲೇ ತೂಕವೂ ಎಚ್‌ಬಿಯೂ ಇಳಿದಿರುತ್ತವೆ.

ಬಿಪಿ ನೋಡುವ ಮುಂಚೆ ಮಗು ಐದು ನಿಮಿಷ ಬೆನ್ನಾನಿಸಿ ಸುಮ್ಮನೆ ಕೂತಿರಬೇಕು. ಮೆಟ್ಟಿಲು ಹತ್ತಿ ಬಂದ ಉಸಿರಿನಲ್ಲಿ, ಅಳುವಾಗ ನೋಡಿದ ಅಂಕಿಗೆ ಬೆಲೆಯಿಲ್ಲ. ತೋಳಿನ ಪಟ್ಟಿ ಮಗುವಿನ ಅಳತೆಯದೇ ಎಂದು ಕೇಳಲು ಹಿಂಜರಿಯಬೇಡಿ: ಸಣ್ಣ ಪಟ್ಟಿ ಬಿಪಿಯನ್ನು ಹೆಚ್ಚು ತೋರಿಸುತ್ತದೆ, ದೊಡ್ಡದು ಕಡಿಮೆ. ದೃಷ್ಟಿ ಪರೀಕ್ಷೆಯ ಸಾಲಿನಲ್ಲಿ ನಿಂತ ಮಕ್ಕಳು ಮುಂದಿನವರು ಓದುವುದನ್ನು ಕೇಳಿ ಬಾಯಿಪಾಠ ಮಾಡಿಬಿಡುತ್ತಾರೆ. ಸರದಿ ಬರುವ ತನಕ ಮಗಳನ್ನು ಚಾರ್ಟಿಗೆ ಬೆನ್ನು ಮಾಡಿ ಕೂರಿಸಿ. ಕಣ್ಣಿನ ಪಾಪೆ ಅರಳಿಸುವ ಹನಿ ಹಾಕಿದರೆ ಆ ದಿನವೆಲ್ಲ, ಕೆಲವು ಹನಿಗಳಲ್ಲಿ ಇನ್ನೂ ಕೆಲವು ದಿನ, ಹತ್ತಿರದ್ದು ಮಬ್ಬು, ಬಿಸಿಲು ಚುಚ್ಚುತ್ತದೆ. ನಮ್ಮ ಬಿಸಿಲು ನಿಮಗೆ ಗೊತ್ತಲ್ಲ, ಟೋಪಿಯೋ ಛತ್ರಿಯೋ ಚೀಲದಲ್ಲಿರಲಿ.

ಮಗಳ ಸೂಜಿಯ ಭಯ. ‘ಗದ್ದಲ ಮಾಡಿದ್ರ ಡಾಕ್ಟರಿಗೆ ಹೇಳಿ ಸೂಜಿ ಮಾಡಸ್ತೀನಿ’ ಎಂಬ ಮಾತು ಮನೆಯಲ್ಲಿ ನಡೆದಿದ್ದರೆ ಅದನ್ನು ಇವತ್ತೇ ನಿಲ್ಲಿಸಿ. ಮನೆಯಲ್ಲಿ ಶಿಕ್ಷೆಯಾದದ್ದು ದವಾಖಾನೆಯಲ್ಲಿ ಔಷಧವಾಗುವುದಿಲ್ಲ. ‘ಸೂಜಿ ಇಲ್ಲವೇ ಇಲ್ಲ’ ಎಂದು ಸುಳ್ಳೂ ಹೇಳಬೇಡಿ, ಒಮ್ಮೆ ಸಿಕ್ಕಿಬಿದ್ದರೆ ಮುಂದಿನ ಸಲ ಬಸ್ ಸ್ಟ್ಯಾಂಡಿನಲ್ಲೇ ಅಳು ಶುರು. ಅವಳ ವಯಸ್ಸಿಗೆ ಹಿಂದಿನ ರಾತ್ರಿ ಹೇಳಿದರೆ ಸಾಕು, ವಾರ ಮುಂಚೆ ಹೇಳಿದರೆ ವಾರವೆಲ್ಲ ಕೊರಗುತ್ತಾಳೆ. ‘ಒಂದು ಚುಚ್ಚು ಇರಬಹುದು, ಐದು ಎಣಿಸೋದ್ರೊಳಗ ಮುಗೀತದ, ನೀ ಅಳಬಹುದು, ಕೈ ಮಾತ್ರ ಅಲ್ಲಾಡಿಸಬ್ಯಾಡ’ ಎಂದು ಹೇಳಿ. ಚುಚ್ಚುವಾಗ ತೊಡೆಯ ಮೇಲೆ ಕೂರಿಸಿಕೊಂಡು ಎದೆಗೆ ಒರಗಿಸಿ, ಮೇಣದಬತ್ತಿ ಆರಿಸುವಂತೆ ಉದ್ದಕ್ಕೆ ಉಸಿರು ಊದಿಸಿ. ನಾಲ್ಕು ಜನ ಕೈಕಾಲು ಅಮುಕಿ ಹಿಡಿಯುವುದರಿಂದಲೇ ಹೆಚ್ಚು ಹೆದರುತ್ತಾರೆ. ಮಗನಿಗೆ 11, ಬಟ್ಟೆ ಬಿಚ್ಚುವ ಪರೀಕ್ಷೆಗೆ ಮುಂಚೆ ‘ಡಾಕ್ಟರು ಕೇಳ್ತಾರೆ, ನಾ ಹೊರಗ ನಿಲ್ಲಲೋ ಒಳಗ ಇರಲೋ’ ಎಂದು ಅವನನ್ನೇ ಕೇಳಿ.

ಆ 10.6

ಐದರಿಂದ 11 ವರ್ಷದ ಮಕ್ಕಳಲ್ಲಿ ಹಿಮೋಗ್ಲೋಬಿನ್ ಕನಿಷ್ಠ 11.5 ಇರಬೇಕು, 12 ತುಂಬಿದ ಮೇಲೆ 12. 8ರಿಂದ 10.9ರವರೆಗಿನದು ಮಧ್ಯಮ ರಕ್ತಹೀನತೆ. ಆ ಲೆಕ್ಕದಲ್ಲಿ ಮಗನದು ಚಿಕಿತ್ಸೆ ಬೇಕಾದ ಅಂಕಿ, ಗಾಬರಿ ಬೀಳುವ ಅಂಕಿಯಲ್ಲ. ಆದರೆ ಬೆರಳು ಚುಚ್ಚಿ ತೆಗೆದ ಹನಿಯಲ್ಲಿ ಒಂದು ದೋಷ ಸಾಧ್ಯ. ರಕ್ತ ಸರಾಗ ಬರದಾಗ ಬೆರಳನ್ನು ಹಿಂಡುತ್ತಾರೆ, ಹಿಂಡಿದಾಗ ಚರ್ಮದಡಿಯ ನೀರೂ ಸೇರಿ ಅಂಕಿ ಇಳಿಯುತ್ತದೆ. ಅದಕ್ಕೇ ರಕ್ತನಾಳದಿಂದ ತೆಗೆದ ರಕ್ತದ ಸಿಬಿಸಿ. ಅದರಲ್ಲಿ ರಕ್ತಕಣದ ಗಾತ್ರವೂ ತಿಳಿಯುತ್ತದೆ, ಕಣ ಸಣ್ಣದಿದ್ದರೆ ಬಹುಪಾಲು ಕಬ್ಬಿಣದ ಕೊರತೆ.

ಶಾಲೆಯಲ್ಲಿ ವಾರಕ್ಕೊಂದು ಕೊಡುವ ಕಬ್ಬಿಣದ ಗುಳಿಗೆ ಅವನು ನುಂಗುತ್ತಾನೋ ಉಗುಳುತ್ತಾನೋ ಎಂದು ನಯವಾಗಿ ವಿಚಾರಿಸಿ. 10 ವರ್ಷ ಮೇಲ್ಪಟ್ಟವರಿಗೆ ನೀಲಿಯದು, 60 ಮಿ.ಗ್ರಾಂ ಕಬ್ಬಿಣ; ಮಗಳ ವಯಸ್ಸಿನವರಿಗೆ ಗುಲಾಬಿಯದು, 45 ಮಿ.ಗ್ರಾಂ. ಅದು ಕೊರತೆ ಬಾರದಂತೆ ತಡೆಯುವ ಪ್ರಮಾಣ. ಬಂದ ಕೊರತೆಗೆ ದಿನಾಲೂ ಬೇಕು, ಡಾಕ್ಟರು ತೂಕ, ವಯಸ್ಸು ನೋಡಿ ಬರೆಯುತ್ತಾರೆ, ಸಾಮಾನ್ಯವಾಗಿ ಮೂರು ತಿಂಗಳು. ಶಾಲೆಯ ಗುಳಿಗೆಗಳನ್ನೇ ಕೂಡಿಟ್ಟು ನೀವಾಗಿ ಕೊಡಬೇಡಿ, ಪುಟ್ಟ ಮಕ್ಕಳಿಗೆ ಸಿಗುವಲ್ಲಿ ಇಡಲೂಬೇಡಿ; ಒಮ್ಮೆಗೆ ಹೆಚ್ಚು ನುಂಗಿದರೆ ಜೀವಕ್ಕೇ ಅಪಾಯ. ಡಾಕ್ಟರು ಬರೆದ ಗುಳಿಗೆಯನ್ನು ಊಟದ ನಂತರ, ನಿಂಬೆ ಹಿಂಡಿದ ನೀರಿನ ಜೊತೆ ಕೊಡಿ. ಮಲ ಕಪ್ಪಗಾಗುತ್ತದೆ, ಹೆದರಬೇಡಿ. ಚಾ ಮತ್ತು ಹಾಲನ್ನು ಗುಳಿಗೆಯಿಂದ ಎರಡು ತಾಸು ದೂರ ಇಡಿ. ಚಾದ ಒಗರು ಕಬ್ಬಿಣವನ್ನು ಕಟ್ಟಿಹಾಕುತ್ತದೆ. ರೊಟ್ಟಿ, ಪುಂಡಿಪಲ್ಯ ಉಂಡು ಮೇಲೊಂದು ಕಪ್ ಚಾ ಕುಡಿದರೆ ಊಟದ ಕಬ್ಬಿಣವೂ ಹಾಗೆಯೇ ಹೋಗುತ್ತದೆ. ಮಕ್ಕಳಿಗೆ ಊಟದ ಜೊತೆ ಚಾ ಬಿಡಿಸುವುದು ನೀವು ಮನೆಯಲ್ಲಿ ಮಾಡಬಹುದಾದ ಅತ್ಯಂತ ಅಗ್ಗದ ಚಿಕಿತ್ಸೆ.

ಜಂತುಹುಳುವಿನ ಗುಳಿಗೆ ಶಾಲೆಯಲ್ಲಿ ಕೊನೆಗೆ ಯಾವಾಗ ಕೊಟ್ಟರು ಎಂಬುದನ್ನೂ ಬರೆದೊಯ್ಯಿರಿ. ಅಲ್ಬೆಂಡಜೋಲ್ 400 ಮಿ.ಗ್ರಾಂ, ಅಗಿದು ನುಂಗಬೇಕು. ಆ ದಿನ ಮಗ ಶಾಲೆ ತಪ್ಪಿಸಿದ್ದರೆ ಹೇಳಿ.

ಒಂದು ತಿಂಗಳ ನಂತರ ಎಚ್‌ಬಿ ಮತ್ತೆ ನೋಡಿಸಿ. ಗುಳಿಗೆ ಸರಿಯಾಗಿ ತೆಗೆದುಕೊಂಡಿದ್ದರೆ ಸುಮಾರು 1 ಗ್ರಾಂ ಏರಿರುತ್ತದೆ. ಏರಿಲ್ಲವೆಂದರೆ ಡೋಸು ಹೆಚ್ಚಿಸಿ ಎಂದು ಕೇಳುವ ಮುಂಚೆ ಮೂರು ಪ್ರಶ್ನೆ: ನಿಜವಾಗಿ ನುಂಗಿದನೇ, ಚಾದ ಜೊತೆ ನುಂಗಿದನೇ, ಥಲಸ್ಸೇಮಿಯಾದ ಅಂಶ ಇದೆಯೇ. ಮೂರನೆಯದಕ್ಕೆ ಬೇರೆ ರಕ್ತ ಪರೀಕ್ಷೆ ಇದೆ. ಸಂಬಂಧದಲ್ಲಿ ಮದುವೆಯಾದ ಮನೆಯಾದರೆ ಅದನ್ನು ಕೇಳಿಯೇ ಮಾಡಿಸಿ.

ಲಸಿಕೆ ಹಾಕಿಸಿದ್ದರೆ ಅರ್ಧ ತಾಸು ಅಲ್ಲೇ ಕೂತು ಹೊರಡಿ. ರಾತ್ರಿ ಸಣ್ಣ ಜ್ವರ, ತೋಳು ನೋವು ಬರಬಹುದು, ಒಂದೆರಡು ದಿನದಲ್ಲಿ ಇಳಿಯುತ್ತದೆ. ಪ್ಯಾರಾಸಿಟಮಾಲ್ ಕೊಡುವಾಗ ಬಾಟಲಿಯ ಮೇಲಿನ ಅಂಕಿ ಓದಿ. ಒಂದು ಸಲಕ್ಕೆ ಕಿಲೋ ತೂಕಕ್ಕೆ 10–15 ಮಿ.ಗ್ರಾಂ. ಮಗಳು 18 ಕಿಲೋ ಇದ್ದರೆ 180ರಿಂದ 270. ‘5 ಎಂ.ಎಲ್‌ಗೆ 250’ ಎಂದು ಬರೆದ ಸಿರಪ್ಪಾದರೆ 5 ಎಂ.ಎಲ್ ಸರಿ. ‘120’ ಅಥವಾ ‘125’ ಎಂದಿದ್ದರೆ ಅದೇ 5 ಎಂ.ಎಲ್ ಸಾಲದು, 8ರಿಂದ 10 ಬೇಕು. ಎರಡು ಡೋಸಿನ ನಡುವೆ ಆರು ತಾಸು ಬಿಡಿ. ಚಮಚದಲ್ಲಿ ಅಳೆಯಬೇಡಿ, ಬಾಟಲಿಯ ಮುಚ್ಚಳದ ಗೆರೆಯಲ್ಲಿ ಅಳೆಯಿರಿ. ದವಾಖಾನೆಯಲ್ಲಿ ತೂಗಿದ ತೂಕವನ್ನು ಅದಕ್ಕಾಗಿಯೇ ತಾಯಿ ಕಾರ್ಡಿನ ಅಂಚಿನಲ್ಲಿ ತಾರೀಖಿನ ಸಮೇತ ಬರೆಸಿಕೊಂಡು ಬನ್ನಿ.